ಪಟ್ಟಿಯಲ್ಲಿರುವ ವಿಷ, ಪಟ್ಟಿಯಲ್ಲಿಲ್ಲದ ವಿಷ

ಕೆಲವು ತಿಂಗಳ ಹಿಂದೆ ಶಾಲಾ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಮಳೆನೀರು ಕೊಯ್ಲು, ಜ್ವಾಲಾಮುಖಿ, ಸೌರ ಒಲೆಗಳ ನಡುವೆ ಒಂದು ಚಾರ್ಟಿನ ಮುಂದೆ ಮಾತ್ರ ಜನ ಗುಂಪುಗೂಡಿದ್ದರು. ಅದರ ಶೀರ್ಷಿಕೆ ‘ನಿಮ್ಮ ಬಚ್ಚಲುಮನೆಯಲ್ಲಿರುವ ಹತ್ತು ವಿಷಗಳು’. ಸೋಡಿಯಂ ಲಾರಿಲ್ ಸಲ್ಫೇಟ್, ಪ್ಯಾರಾಬೆನ್, ಟ್ರೈಕ್ಲೊಸಾನ್, ಟಾಲ್ಕ್, ಅಲ್ಯೂಮಿನಿಯಂ... ಒಂದೊಂದರ ಮುಂದೆಯೂ ಕೆಂಪು ಶಾಯಿಯಲ್ಲಿ ಕ್ಯಾನ್ಸರ್, ಬಂಜೆತನ, ಮರೆವಿನ ಕಾಯಿಲೆ ಎಂದು ಬರೆದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲವನ್ನೂ ನಿರರ್ಗಳವಾಗಿ ವಿವರಿಸಿದಳು. ‘ಎಷ್ಟು ಹಚ್ಚಿಕೊಂಡರೆ ಹೀಗಾಗುತ್ತದೆ?’ ಎಂದು ಕೇಳಿದೆ. ಆಕೆ ಚಾರ್ಟಿನತ್ತ ತಿರುಗಿ ನೋಡಿ, ‘ಎಷ್ಟು ಅಂತ ಇದರಲ್ಲಿ ಇಲ್ಲ ಸರ್’ ಎಂದಳು.

ಆ ಹುಡುಗಿಯನ್ನು ನೋಡಿ ನಗುವ ಹಕ್ಕು ನನಗಿಲ್ಲ. ಸುಮಾರು 25 ವರ್ಷಗಳ ಹಿಂದೆ ಶಿಕ್ಷಕರ ಶಿಬಿರವೊಂದರಲ್ಲಿ ಇಂಥದೇ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ನಾನೇ ಹಂಚಿದ್ದೆ. ಏಕಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಳೆಯುವ ಭೌತವಿಜ್ಞಾನದ ಮೇಷ್ಟರು, ಒಂದೇ ಒಂದು ಸಂಖ್ಯೆಯೂ ಇಲ್ಲದ ಆ ಹಾಳೆಯನ್ನು ವಿಜ್ಞಾನವೆಂದು ಹಂಚಿದ್ದರು! ಈ ಲೇಖನ ಹುಡುಗಿಯ ಚಾರ್ಟಿನ ವಿಮರ್ಶೆ ಮಾತ್ರವಲ್ಲ, ನನ್ನ ಆ ಹಾಳೆಯ ವಿಮರ್ಶೆಯೂ ಹೌದು.

ನಾನು ಹೊರಡುವ ಹೊತ್ತಿಗೆ ಅದೇ ಹುಡುಗಿ ಬಂದು ಇನ್ನೊಂದು ಪ್ರಶ್ನೆ ಕೇಳಿದಳು. ‘ಸರ್, ನಮ್ಮಕ್ಕ ಬೆಳ್ಳಗಾಗೋಕೆ ಒಂದು ಕ್ರೀಮು ಹಚ್ಚುತ್ತಾಳೆ. ಡಬ್ಬಿ ಮೇಲೆ ಇವು ಯಾವುದರ ಹೆಸರೂ ಇಲ್ಲ. ಹಾಗಾದರೆ ಅದು ಒಳ್ಳೆಯದೇ ಅಲ್ವಾ?’ ಈ ಪ್ರಶ್ನೆಗೆ ಕೊನೆಯಲ್ಲಿ ಮರಳಿ ಬರೋಣ. ಮೊದಲು ಪಟ್ಟಿಯನ್ನು ನೋಡೋಣ.

ನೊರೆಯ ಕಥೆ

ಪಟ್ಟಿಯ ಮೊದಲ ಹೆಸರು ಸೋಡಿಯಂ ಲಾರಿಲ್ ಸಲ್ಫೇಟ್. ಇದೊಂದು ಮಾರ್ಜಕ. ಇದರ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ನೀರಿನ ಮೇಲ್ಮೈ ಕರ್ಷಣವನ್ನು ತಗ್ಗಿಸಿ ನೊರೆ ಬರಿಸುತ್ತದೆ. ಇದು ಕ್ಯಾನ್ಸರಿಗೆ ಕಾರಣವೆಂಬ ವದಂತಿ 1998ರ ಸುಮಾರಿಗೆ ಇ-ಮೇಲ್ ಮೂಲಕ ಜಗತ್ತನ್ನು ಸುತ್ತತೊಡಗಿತು. ‘ಗ್ಯಾರೇಜಿನ ನೆಲ ತೊಳೆಯಲೂ ಇದನ್ನೇ ಬಳಸುತ್ತಾರೆ’ ಎಂಬುದು ಅದರ ದೊಡ್ಡ ವಾದ. ನೆಲ ತೊಳೆಯಲು ನೀರನ್ನೂ ಬಳಸುತ್ತಾರಲ್ಲವೆ? ಇದು ಕ್ಯಾನ್ಸರ್ ತರುತ್ತದೆಂಬುದಕ್ಕೆ ಪುರಾವೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹಾಗೆಂದು ಇದು ನಿರಪಾಯಕಾರಿಯೇನಲ್ಲ. ಚರ್ಮವನ್ನು ಕೆರಳಿಸುವ ಗುಣ ಇದಕ್ಕೆ ಖಂಡಿತ ಇದೆ. ಎಷ್ಟರಮಟ್ಟಿಗೆಂದರೆ, ಚರ್ಮದ ಉರಿಯನ್ನು ಅಳೆಯುವ ಪ್ರಯೋಗಗಳಲ್ಲಿ ಚರ್ಮತಜ್ಞರು ಇದನ್ನೇ ಹೋಲಿಕೆಯ ವಸ್ತುವಾಗಿ ಬಳಸುತ್ತಾರೆ. ಅಮೆರಿಕದ ಕಾಂತಿವರ್ಧಕ ಘಟಕಗಳ ಪರಿಶೀಲನಾ ಸಮಿತಿ 1983ರಲ್ಲಿ ಹೇಳಿದ್ದು ಇಷ್ಟು: ಸ್ವಲ್ಪ ಹೊತ್ತು ಬಳಸಿ ಚೆನ್ನಾಗಿ ತೊಳೆದುಕೊಳ್ಳುವುದಾದರೆ ಇದು ಸುರಕ್ಷಿತ, ಮೈಮೇಲೆಯೇ ಉಳಿಯುವ ಉತ್ಪನ್ನಗಳಲ್ಲಿ ಇದರ ಸಾರತೆ ಶೇಕಡ 1ನ್ನು ಮೀರಬಾರದು. ಈ ಒಂದು ವಾಕ್ಯದಲ್ಲಿ ಪ್ರಮಾಣವಿದೆ, ಕಾಲವಿದೆ, ಬಳಸುವ ವಿಧಾನವಿದೆ. ಚಾರ್ಟಿನಲ್ಲಿ ಈ ಮೂರೂ ಇರಲಿಲ್ಲ. ಒಣ ಚರ್ಮದವರು, ಎಸ್ಜಿಮಾ ಇರುವವರು ಹೆಚ್ಚು ನೊರೆ ಬರುವ ಶಾಂಪೂವನ್ನು ಬಿಡುವುದು ಲೇಸು. ಅದಕ್ಕೆ ಕಾರಣ ತುರಿಕೆ, ಕ್ಯಾನ್ಸರಲ್ಲ.

ಇಂಥ ಪಟ್ಟಿಗಳು ಹೇಳುವ ಇನ್ನೊಂದು ಮಾತು ‘ಮೈಗೆ ಹಚ್ಚಿದ್ದರಲ್ಲಿ ಶೇಕಡ 60 ಭಾಗ ರಕ್ತಕ್ಕೆ ಸೇರುತ್ತದೆ’ ಎಂಬುದು. ಎಲ್ಲ ವಸ್ತುಗಳಿಗೂ ಹೊಂದುವ ಇಂಥ ಒಂದು ಸಂಖ್ಯೆ ಇರಲು ಸಾಧ್ಯವೇ ಇಲ್ಲ. ನಮ್ಮ ಚರ್ಮದ ತೀರ ಹೊರಗಿನ ಪದರ 10-20 ಮೈಕ್ರೊಮೀಟರ್ ದಪ್ಪದ, ಸತ್ತ ಕೋಶಗಳ ಗೋಡೆ. ಅದನ್ನು ದಾಟುವುದು ವಿಸರಣದ ಮೂಲಕ. ವಿಸರಣದ ದರವನ್ನು ನಿರ್ಧರಿಸುವುದು ಅಣುವಿನ ಗಾತ್ರ, ಅದು ಜಿಡ್ಡಿನಲ್ಲಿ ಕರಗುವ ಬಗೆ, ಸಾರತೆಯ ವ್ಯತ್ಯಾಸ ಮತ್ತು ಕಾಲ. ಅಣುತೂಕ 500ನ್ನು ಮೀರಿದ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಕಷ್ಟ. ನಿಕೊಟಿನ್‌ನಂಥ ಸಣ್ಣ ಅಣುಗಳು ದಾಟುತ್ತವೆ, ಆದ್ದರಿಂದಲೇ ನಿಕೊಟಿನ್ ಪಟ್ಟಿಗಳು ಕೆಲಸ ಮಾಡುತ್ತವೆ. ಇನ್ನು ಶಾಂಪೂವಿನಂತೆ ತೊಳೆದುಹೋಗುವ ಉತ್ಪನ್ನಗಳಲ್ಲಿ ಸುಮಾರು ನೂರರಲ್ಲಿ ಒಂದು ಭಾಗ ಮಾತ್ರ ಮೈಮೇಲೆ ಉಳಿಯುತ್ತದೆಂದು ಯೂರೋಪಿನ ತಜ್ಞರು ಲೆಕ್ಕ ಹಿಡಿಯುತ್ತಾರೆ. ಒಂದೇ ವಸ್ತು ಶಾಂಪೂವಿನಲ್ಲಿದ್ದರೆ ಬೇರೆ ಲೆಕ್ಕ, ರಾತ್ರಿಯಿಡೀ ಮುಖದ ಮೇಲಿರುವ ಕ್ರೀಮಿನಲ್ಲಿದ್ದರೆ ಬೇರೆ ಲೆಕ್ಕ.

ಒಂದನ್ನು ಓಡಿಸಿ ಇನ್ನೊಂದನ್ನು ಕರೆದದ್ದು

ಪಟ್ಟಿಯ ಎರಡನೆಯ ಹೆಸರು ಪ್ಯಾರಾಬೆನ್. ನೀರು ಮತ್ತು ಎಣ್ಣೆ ಬೆರೆತ ಯಾವುದೇ ಕ್ರೀಮು ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಬೆಳೆಯದಂತೆ ತಡೆಯಲು ಸಂರಕ್ಷಕ ಬೇಕು. ಪ್ಯಾರಾಬೆನ್‌ಗಳು ಬಹುಕಾಲದಿಂದ ಬಳಕೆಯಲ್ಲಿರುವ ಸಂರಕ್ಷಕಗಳು. 2004ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಸ್ತನದ ಗಂತಿಗಳ 20 ಮಾದರಿಗಳಲ್ಲಿ ಪ್ಯಾರಾಬೆನ್ ಪತ್ತೆಮಾಡಿದರು. ಸಿಕ್ಕಿದ ಪ್ರಮಾಣ ಸರಾಸರಿ ಗ್ರಾಮಿಗೆ ಸುಮಾರು 20 ನ್ಯಾನೊಗ್ರಾಮ್, ಎಂದರೆ ಹತ್ತು ಕೋಟಿಯಲ್ಲಿ ಎರಡು ಭಾಗ. ಆರೋಗ್ಯವಂತ ಅಂಗಾಂಶದಲ್ಲಿ ಎಷ್ಟಿದೆ ಎಂಬ ಹೋಲಿಕೆ ಆ ಅಧ್ಯಯನದಲ್ಲಿರಲಿಲ್ಲ. ಪ್ಯಾರಾಬೆನ್‌ನಿಂದಲೇ ಕ್ಯಾನ್ಸರ್ ಬಂದಿತೆಂದು ಸಂಶೋಧಕರೂ ಹೇಳಲಿಲ್ಲ. ಹಾಗೆ ಹೇಳಿದ್ದು ಪಟ್ಟಿಗಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂದಿನ ಉಪಕರಣಗಳು ನೂರು ಕೋಟಿಯಲ್ಲಿ ಒಂದು ಭಾಗವನ್ನೂ ಹಿಡಿಯಬಲ್ಲವು. ‘ಪತ್ತೆಯಾಯಿತು’ ಎಂಬುದು ಉಪಕರಣದ ಸಾಮರ್ಥ್ಯದ ಮಾತು. ‘ಹಾನಿ ಮಾಡಿತು’ ಎಂಬುದು ದೇಹದ ಮಾತು. ಪ್ಯಾರಾಬೆನ್‌ಗಳು ಈಸ್ಟ್ರೋಜೆನ್ ಹಾರ್ಮೋನನ್ನು ಅನುಕರಿಸುತ್ತವೆ ಎಂಬುದು ನಿಜ. ಆದರೆ ಅವುಗಳಲ್ಲಿ ಹೆಚ್ಚು ಶಕ್ತವಾದ ಬ್ಯುಟೈಲ್ ಪ್ಯಾರಾಬೆನ್ನೂ ಸಹಜ ಹಾರ್ಮೋನಿಗಿಂತ ಸುಮಾರು ಹತ್ತು ಸಾವಿರ ಪಟ್ಟು ದುರ್ಬಲವೆಂದು 1998ರ ಪ್ರಯೋಗಗಳು ತೋರಿಸಿದ್ದವು. ಯೂರೋಪು ಈ ಸಂದೇಹವನ್ನು ಕಡೆಗಣಿಸಲೂ ಇಲ್ಲ, ಗಾಬರಿಬೀಳಲೂ ಇಲ್ಲ. 2014ರಲ್ಲಿ ಸುರಕ್ಷತೆಯ ಮಾಹಿತಿ ಸಾಲದ ಐದು ಪ್ಯಾರಾಬೆನ್‌ಗಳನ್ನು ನಿಷೇಧಿಸಿತು, ಪ್ರೊಪೈಲ್ ಮತ್ತು ಬ್ಯುಟೈಲ್ ಪ್ಯಾರಾಬೆನ್‌ಗಳ ಮಿತಿಯನ್ನು ಶೇಕಡ 0.14ಕ್ಕೆ ಇಳಿಸಿತು, ಮೀಥೈಲ್ ಮತ್ತು ಈಥೈಲ್‌ಗಳನ್ನು ಹಳೆಯ ಮಿತಿಯಲ್ಲೇ ಉಳಿಸಿತು.

ಅಷ್ಟರಲ್ಲಿ ಮಾರುಕಟ್ಟೆ ಬೇರೆ ದಾರಿ ಹಿಡಿದಿತ್ತು. ‘ಪ್ಯಾರಾಬೆನ್ ಇಲ್ಲ’ ಎಂಬ ಚೀಟಿಗೆ ಬೆಲೆ ಬಂತು. ಆದರೆ ಕ್ರೀಮು ಕೆಡಬಾರದಲ್ಲ? ಪ್ಯಾರಾಬೆನ್ ಬಿಟ್ಟ ಹಲವು ತಯಾರಕರು ಮೀಥೈಲ್ ಐಸೋಥಯಜೋಲಿನೋನ್ ಎಂಬ ಸಂರಕ್ಷಕದ ಕಡೆಗೆ ತಿರುಗಿದರು. ಯೂರೋಪು ಇದಕ್ಕೆ 2005ರಲ್ಲಿ ದಶಲಕ್ಷಕ್ಕೆ 100 ಭಾಗದವರೆಗೆ ಅನುಮತಿ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ಚರ್ಮದ ಆಸ್ಪತ್ರೆಗಳಲ್ಲಿ ಇದರ ಅಲರ್ಜಿಯಿಂದ ಮುಖ, ಕೈ ಊದಿಸಿಕೊಂಡು ಬರುವವರ ಸಂಖ್ಯೆ ಏರಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಇದನ್ನು 2013ರ ‘ವರ್ಷದ ಅಲರ್ಜಿಕಾರಕ’ವೆಂದು ಸಾರಿತು. ಮೈಮೇಲೆ ಉಳಿಯುವ ಉತ್ಪನ್ನಗಳಲ್ಲಿ ಇದನ್ನು ಬಳಸುವುದನ್ನು ಯೂರೋಪು 2017ರಲ್ಲಿ ನಿಷೇಧಿಸಿತು. ತೊಳೆದುಹೋಗುವ ಉತ್ಪನ್ನಗಳಲ್ಲಿ ಮಿತಿಯನ್ನು 2018ರಲ್ಲಿ ದಶಲಕ್ಷಕ್ಕೆ 15 ಭಾಗಕ್ಕೆ ಇಳಿಸಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು ‘ವರ್ಷದ ಅಲರ್ಜಿಕಾರಕವಲ್ಲದ ವಸ್ತು’ ಎಂದು ಹೆಸರಿಸಿತು! ತಪ್ಪು ಭಯಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ‘ಪ್ರಮಾಣವೇ ವಿಷವನ್ನು ನಿರ್ಧರಿಸುತ್ತದೆ’ ಎಂಬ ತತ್ತ್ವವನ್ನು ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನ ಹೆಸರಿನಲ್ಲಿ ನಾವೆಲ್ಲ ಹೇಳುತ್ತೇವೆ. ಅಲರ್ಜಿಯ ವಿಷಯದಲ್ಲಿ ಅದನ್ನು ಯಾಂತ್ರಿಕವಾಗಿ ಹೇಳಲಾಗದು. ದಶಲಕ್ಷಕ್ಕೆ 15 ಭಾಗವೆಂದರೆ 10 ಗ್ರಾಮ್ ಶಾಂಪೂವಿನಲ್ಲಿ 0.15 ಮಿಲಿಗ್ರಾಮ್. ಬಹುಪಾಲು ಜನರಿಗೆ ಅದು ಏನೂ ಅಲ್ಲ. ಒಮ್ಮೆ ಅಲರ್ಜಿ ಹುಟ್ಟಿದವರ ದೇಹಕ್ಕೆ ನೆನಪಿದೆ. ಅವರಲ್ಲಿ ತೀರ ಸಣ್ಣ ಪ್ರಮಾಣವೂ ಚರ್ಮವನ್ನು ಕೆರಳಿಸಬಹುದು. ಆದ್ದರಿಂದ ‘ಎಷ್ಟು?’ ಎಂಬುದರ ಜೊತೆಗೆ ‘ಯಾರಿಗೆ?’ ಎಂದೂ ಕೇಳಬೇಕು.

ಹುಲಿ ಇದೆ, ಸರಿ. ಎಲ್ಲಿದೆ?

ಟಾಲ್ಕ್ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಚಾರ್ಟು ಇದನ್ನು ದೊಡ್ಡಕ್ಷರಗಳಲ್ಲಿ ಬರೆದಿತ್ತು. ಅದೇ ಗುಂಪಿನಲ್ಲಿ ಕೆಂಪು ಮಾಂಸವಿದೆ, 65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಪಾನೀಯವೂ ಇದೆ ಎಂಬುದನ್ನು ಬರೆದಿರಲಿಲ್ಲ. ಕುದಿಯುವ ಕಾಫಿಯನ್ನು ಹಾಗೆಯೇ ಗಂಟಲಿಗೆ ಇಳಿಸುವವರು ಗಮನಿಸಬೇಕು! ಈ ಗುಂಪುಗಳು ಒಂದು ವಸ್ತುವಿಗೆ ಹಾನಿ ಮಾಡುವ ಗುಣ ಇದೆಯೆಂಬುದಕ್ಕೆ ಪುರಾವೆ ಎಷ್ಟು ಗಟ್ಟಿಯೆಂದು ಹೇಳುತ್ತವೆ. ನಿಮಗೆ ಹಾನಿಯಾಗುವ ಸಂಭವ ಎಷ್ಟೆಂದು ಹೇಳುವುದಿಲ್ಲ. ಹುಲಿ ಅಪಾಯಕಾರಿ ಪ್ರಾಣಿ ಎಂಬುದು ಮೊದಲನೆಯ ಮಾತು. ಅದು ಮೃಗಾಲಯದ ಸರಳಿನ ಹಿಂದಿದೆಯೋ, ನಿಮ್ಮ ಹಿತ್ತಿಲಲ್ಲಿದೆಯೋ ಎಂಬುದು ಎರಡನೆಯದು. ಹಸುಗೂಸಿನ ಮೂಗಿನ ಬಳಿ ಪೌಡರ್ ಕೊಡವಬೇಡಿ ಎನ್ನಲು ಶ್ವಾಸಕೋಶಕ್ಕೆ ಧೂಳು ಸೇರುತ್ತದೆ ಎಂಬ ಸರಳ ಕಾರಣವೇ ಸಾಕು. ಗಣಿಯಲ್ಲಿ ಟಾಲ್ಕಿನ ಜೊತೆಗೇ ದೊರೆಯಬಹುದಾದ ಆಸ್ಬೆಸ್ಟಾಸ್ ಬೆರೆಯದಂತೆ ತಯಾರಕರು ಪರೀಕ್ಷಿಸಬೇಕು ಎಂಬುದು ಬೇರೆಯದೇ, ಇನ್ನೂ ಗಂಭೀರವಾದ ಬೇಡಿಕೆ.

ನಾನು ತಯಾರಕರ ವಕಾಲತ್ತು ವಹಿಸುತ್ತಿದ್ದೇನೆಂದು ಭಾವಿಸಬೇಡಿ. ಟ್ರೈಕ್ಲೊಸಾನ್ ವಿಷಯದಲ್ಲಿ ಚಾರ್ಟು ಬಹುಮಟ್ಟಿಗೆ ಸರಿಯಾಗಿತ್ತು. ‘ಕ್ರಿಮಿನಾಶಕ’ ಸೋಪುಗಳು ಸಾದಾ ಸೋಪು-ನೀರಿಗಿಂತ ಮೇಲೆಂದು, ದಿನನಿತ್ಯದ ದೀರ್ಘ ಬಳಕೆಗೆ ಸುರಕ್ಷಿತವೆಂದು ತಯಾರಕರು ತೋರಿಸಲಾಗದ ಕಾರಣ ಅಮೆರಿಕ 2016ರಲ್ಲಿ ಟ್ರೈಕ್ಲೊಸಾನ್ ಸೇರಿ 19 ವಸ್ತುಗಳನ್ನು ಅಂಥ ಸೋಪುಗಳಿಂದ ಕೈಬಿಡಲು ಆದೇಶಿಸಿತು. ವರ್ಷಗಟ್ಟಲೆ ನಡೆದ ಜಾಹೀರಾತಿಗೆ ಆಧಾರವಿರಲಿಲ್ಲ. ‘ಪರಿಮಳ’ ಎಂಬ ಒಂದೇ ಪದದ ಹಿಂದೆ ಹತ್ತಾರು ಅಲರ್ಜಿಕಾರಕಗಳು ಅಡಗಿಕೊಳ್ಳಬಹುದು. ನಮ್ಮ ದೇಶದಲ್ಲಿ ಶೇಕಡ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆಯವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಎಂದರೆ ಡಬ್ಬಿಯ ಮೇಲಿನ ಪಟ್ಟಿಯೂ ‘ಎಷ್ಟು?’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರಿಸುವುದಿಲ್ಲ. ಈ ಕೊರತೆಯ ವಿರುದ್ಧ ದನಿ ಎತ್ತುವುದು ನ್ಯಾಯವಾದ ಕೆಲಸ.

‘ನೈಸರ್ಗಿಕ’ದ ನೆರಳು

ಹತ್ತು ವಿಷಗಳ ಕೆಳಗೆ ಹಸಿರು ಶಾಯಿಯಲ್ಲಿ ಚಾರ್ಟು ಪರಿಹಾರವನ್ನೂ ಸೂಚಿಸಿತ್ತು: ‘ನೈಸರ್ಗಿಕ ವಸ್ತುಗಳನ್ನೇ ಬಳಸಿ’. ಅಲ್ಯೂಮಿನಿಯಂ ಇರುವ ಬೆವರುನಿರೋಧಕದ ಬದಲು ಪಟಕ ಹಚ್ಚಿ ಎಂದಿತ್ತು. ಪಟಕವೆಂದರೇನು? ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್! ಸೋಪಿನ ಬದಲು ಸೀಗೆಪುಡಿ, ಅಂಟುವಾಳ ಎಂದಿತ್ತು. ಒಳ್ಳೆಯದೇ. ಆದರೆ ದೀಪಾವಳಿಯ ಎಣ್ಣೆಸ್ನಾನದಲ್ಲಿ ಸೀಗೆಪುಡಿ ಕಣ್ಣಿಗೆ ಬಿದ್ದು ಅತ್ತವರಿಗೆ ‘ನೈಸರ್ಗಿಕವಾದದ್ದು ಉರಿಸುವುದಿಲ್ಲ’ ಎಂದು ಹೇಳಿ ನೋಡಿ. ಅವುಗಳಲ್ಲಿ ನೊರೆ ಬರಿಸುವ ಸ್ಯಾಪೋನಿನ್ನೂ ಒಂದು ರಾಸಾಯನಿಕವೇ. ಕಿತ್ತಳೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಾಳಿಗೆ ಒಡ್ಡಿಕೊಂಡು ಉತ್ಕರ್ಷಣಗೊಂಡರೆ ಅಲರ್ಜಿಕಾರಕವಾಗುತ್ತದೆ. ಸಾಂಪ್ರದಾಯಿಕ ಸುರ್ಮಾ ಹಲವೆಡೆ ಸೀಸದ ಸಲ್ಫೈಡ್ ಅದಿರಿನ ಪುಡಿ. ಅದೂ ಭೂಮಿಯಿಂದ ತೆಗೆದ ನೈಸರ್ಗಿಕ ವಸ್ತುವೇ. ಎಳೆಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮಾತ್ರ ಅದರಿಂದ ತಪ್ಪುವುದಿಲ್ಲ.

ಪಟ್ಟಿಯಲ್ಲಿಲ್ಲದ ವಿಷ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಹತ್ತು ವಿಷಗಳ ಆ ಚಾರ್ಟಿನಲ್ಲಿ ಪಾದರಸದ ಹೆಸರೇ ಇರಲಿಲ್ಲ. ಕಾರಣ ಸರಳ. ಇಂಥ ಪಟ್ಟಿಗಳನ್ನು ತಯಾರಿಸುವುದು ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಪಾದರಸ ಬೆರೆಸುವವರು ಅದನ್ನು ಬರೆಯುವುದಿಲ್ಲ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದರ ತಯಾರಿಕೆಗೆ ಬೇಕಾದ ಕಿಣ್ವವನ್ನು ಪಾದರಸದ ಲವಣಗಳು ತಡೆಯುತ್ತವೆ. ಕ್ರೀಮು ‘ಕೆಲಸ ಮಾಡುತ್ತದೆ’, ಬೇಗ ಮಾಡುತ್ತದೆ. ಆದರೆ ಪಾದರಸ ಚರ್ಮದಲ್ಲೇ ನಿಲ್ಲದೆ ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಸೋಸುಪೊರೆ ದಪ್ಪಗಾಗುವ ಕಾಯಿಲೆಯ 22 ಪ್ರಕರಣಗಳನ್ನು ಕಂಡರು. ಅವರಲ್ಲಿ 15 ಮಂದಿಯದು ಸಾಮಾನ್ಯವಾಗಿ ಅಪರೂಪವಾದ ಒಂದು ಬಗೆ. ಆ 15ರಲ್ಲಿ 13 ಮಂದಿ ಬಿಳಿಚುವ ಕ್ರೀಮು ಬಳಸುತ್ತಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಇಂಥ ಕ್ರೀಮನ್ನು ಹಚ್ಚಿಕೊಳ್ಳದ ಮನೆಮಂದಿಯ, ಮಕ್ಕಳ ಮೂತ್ರದಲ್ಲಿಯೂ ಹೆಚ್ಚಿನ ಪಾದರಸ ಸಿಕ್ಕಿತ್ತು.

ಪ್ರಮಾಣ ಎಷ್ಟು? ನಮ್ಮ 2020ರ ಕಾಂತಿವರ್ಧಕ ನಿಯಮಗಳು ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸಕ್ಕೆ ಹಾಕಿದ ಮಿತಿ ದಶಲಕ್ಷಕ್ಕೆ 1 ಭಾಗ. ವಿವಿಧ ದೇಶಗಳಲ್ಲಿ ಪರೀಕ್ಷಿಸಿದ ಕೆಲವು ಕ್ರೀಮುಗಳಲ್ಲಿ ಅದು ದಶಲಕ್ಷಕ್ಕೆ 10,000 ಭಾಗವನ್ನೂ ಮೀರಿದೆ. ದಿನಕ್ಕೆ 1 ಗ್ರಾಮ್ ಹಚ್ಚಿದರೆ ಮಿತಿಯೊಳಗಿನ ಕ್ರೀಮಿನಿಂದ ಮುಖಕ್ಕೆ ತಾಗುವುದು 1 ಮೈಕ್ರೊಗ್ರಾಮ್. ಇದರಿಂದ 10 ಮಿಲಿಗ್ರಾಮ್. ಅಲ್ಲಿ 10,000 ದಿನ, ಎಂದರೆ ಸುಮಾರು 27 ವರ್ಷ ಹಚ್ಚಿದರೆ ಆಗುವಷ್ಟು ಇಲ್ಲಿ ಒಂದೇ ದಿನದಲ್ಲಿ! ಪಾದರಸ ಬೆರೆಸಿದ ಕಾಂತಿವರ್ಧಕಗಳನ್ನು ಪೂರ್ತಿಯಾಗಿ ನಿಲ್ಲಿಸಲು ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿ, 2025ರ ಗಡುವು ಹಾಕಿಕೊಂಡವು. ಭಾರತ 2018ರಲ್ಲೇ ಈ ಒಪ್ಪಂದವನ್ನು ಅನುಮೋದಿಸಿದೆ. ಆದರೆ ಒಪ್ಪಂದಕ್ಕೆ ಸಹಿ ಹಾಕದವನೇ ಹೆಸರಿಲ್ಲದ ಡಬ್ಬಿಯನ್ನು ತುಂಬುವವನು.

ಪಾದರಸ ಒಂದೇ ಅಲ್ಲ. ಔಷಧಿ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮನ್ನು ಬಿಳಿಚುವ ಕ್ರೀಮೆಂದು ತಿಂಗಳುಗಟ್ಟಲೆ ಹಚ್ಚಿ ಮುಖದ ಚರ್ಮ ತೆಳುವಾಗಿ ಕೆಂಪಾದವರು ನಮ್ಮೂರುಗಳಲ್ಲೇ ಇದ್ದಾರೆ. ಇಂಥ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಸರ್ಕಾರ 2018ರಲ್ಲಿ ಆದೇಶಿಸಿತು. ಕೂದಲಿನ ಬಣ್ಣದ ಪ್ಯಾರಾ ಫಿನಿಲೀನ್ ಡೈಅಮೀನ್ ಮತ್ತೊಂದು. 1930ರ ದಶಕದಲ್ಲಿ ಅದನ್ನು ರೆಪ್ಪೆಗೆ ಹಚ್ಚಿ ಅಮೆರಿಕದಲ್ಲಿ ದೃಷ್ಟಿ ಕಳೆದುಕೊಂಡ ಪ್ರಸಂಗವೇ 1938ರ ಕಾನೂನಿಗೆ ಒಂದು ಕಾರಣವಾಯಿತು. ಹುಬ್ಬು, ರೆಪ್ಪೆಗೆ ಹಚ್ಚಬೇಡಿ, ಮೊದಲು ಚರ್ಮದ ಮೇಲೆ ಪರೀಕ್ಷಿಸಿ ಎಂಬ ಎಚ್ಚರಿಕೆ ನಮ್ಮ ಡಬ್ಬಿಗಳ ಮೇಲೂ ಇದೆ. ಓದುವವರು ಎಷ್ಟು ಮಂದಿ?

ಬಲಬದಿಗೆ ಐದು ಕಂಬಸಾಲು

ಆ ಚಾರ್ಟನ್ನು ಹರಿದುಹಾಕಬೇಕಿಲ್ಲ. ಬಲಬದಿಗೆ ಐದು ಕಂಬಸಾಲು ಸೇರಿಸಿದರೆ ಸಾಕು: ಎಷ್ಟು? ಎಲ್ಲಿ ಹಚ್ಚುವುದು? ಎಷ್ಟು ಹೊತ್ತು? ಯಾರಿಗೆ? ತಿಳಿದದ್ದು ಹೇಗೆ? ತುಂಬಲಾಗದ ಮನೆಯನ್ನು ಖಾಲಿ ಬಿಡಲಿ. ಖಾಲಿ ಮನೆಯೂ ವಿಜ್ಞಾನವೇ, ತೋಚಿದ್ದನ್ನು ತುಂಬಿದ ಮನೆಯಲ್ಲ.

ತರಗತಿಯಲ್ಲೇ ಮಾಡಬಹುದಾದ ಒಂದು ಪ್ರಯೋಗವೂ ಇದೆ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಸೋಸುಕಾಗದದ ಮೇಲೆ ಸಾಮಾನ್ಯ ಸೋಪಿನ ದ್ರಾವಣದ ಹನಿ ಬಿದ್ದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ತತ್ತ್ವದಿಂದ. ಶಾಂಪೂವಿನ ಹನಿ ಹಾಕಿ ನೋಡಿ, ಸಾಮಾನ್ಯವಾಗಿ ಹಳದಿಯೇ ಉಳಿಯುತ್ತದೆ. ಎಣ್ಣೆ ಮತ್ತು ಕ್ಷಾರದಿಂದ ಮನೆಯಲ್ಲೇ ಮಾಡಿದ ‘ಕೆಮಿಕಲ್ ಇಲ್ಲದ’ ಸೋಪನ್ನೂ ಪರೀಕ್ಷಿಸಿ. ಅದರ ಪಿಎಚ್ 9-10. ನಮ್ಮ ಚರ್ಮದ್ದು ಸುಮಾರು 5. ಯಾವುದು ಸೌಮ್ಯ ಎಂಬುದನ್ನು ಹೆಸರನ್ನು ಓದಿ ಹೇಳಲಾಗದು, ಅಳೆದೇ ಹೇಳಬೇಕು ಎಂದು ಮಕ್ಕಳಿಗೆ ಆಗ ಮನವರಿಕೆಯಾಗುತ್ತದೆ.

ಹುಡುಗಿಗೆ ನಾನು ಕೊಟ್ಟ ಉತ್ತರ ಇದು: ‘ಹೆಸರು ಬರೆಯದ ಡಬ್ಬಿಗೇ ಮೊದಲು ಹೆದರಬೇಕಮ್ಮ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದ ಕ್ರೀಮನ್ನು ಅಕ್ಕ ಇಂದೇ ನಿಲ್ಲಿಸಲಿ. ಡಬ್ಬಿಯನ್ನು ಎಸೆಯದೆ ಮುಚ್ಚಿ, ವೈದ್ಯರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ.’ ಆಕೆ ಅದನ್ನು ಅಂಗೈ ಮೇಲೆ ಬರೆದುಕೊಂಡಳು. ತೀರ್ಪಿನ ಹಾಳೆಯಲ್ಲಿ ಆ ಚಾರ್ಟಿಗೆ ನಾನು ಹೆಚ್ಚು ಅಂಕ ಕೊಡಲಿಲ್ಲ. ಪ್ರಶ್ನೆಗೆ ಅಂಕ ಕೊಡುವ ಕಂಬಸಾಲು ಆ ಹಾಳೆಯಲ್ಲಿರಲಿಲ್ಲ.